ಅಗ್ಗದ ಕ್ರೋಮ್‌ಬುಕ್ ಯಾರಿಗೆ ಸಾಕು, ಯಾರಿಗೆ ಸಾಲದು?

ಕೇಳುಗರಿಗೆ ನಮಸ್ಕಾರ.

ಕಾಲೇಜು ಶುರುವಾಗುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪಿನದೇ ಮಾತು. ಅಂಗಡಿಗೆ ಹೋದರೆ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪಿಗೇ 30–40 ಸಾವಿರ ರೂಪಾಯಿ ಹೇಳುತ್ತಾರೆ. ಅದರ ಪಕ್ಕದಲ್ಲೇ ಸುಮಾರು ಅರ್ಧ ಬೆಲೆಗೆ ಕ್ರೋಮ್‌ಬುಕ್ ಎಂಬ, ವಿಂಡೋಸ್ ಇಲ್ಲದ ಒಂದು ಲ್ಯಾಪ್‌ಟಾಪ್ ಕೂತಿರುತ್ತದೆ. ನೋಡಲು ಎರಡೂ ಒಂದೇ ಥರ. ಹಾಗಾದರೆ ಅಗ್ಗದ್ದನ್ನೇ ತಂದರೆ ನಡೆಯುತ್ತದಾ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಓದು, ಬರಹ, ಮೇಲ್, ವಿಡಿಯೋ ಪಾಠ, ಅರ್ಜಿ ತುಂಬುವುದು, ಬಿಲ್ ಕಟ್ಟುವುದು, ಇಷ್ಟೇ ಕೆಲಸ ಇರುವ ಮನೆಗೆ ಇದು ಧಾರಾಳವಾಗಿ ಸಾಕು. ಆದರೆ ನಿಮಗೆ ಬೇಕೇ ಬೇಕಾದ ಒಂದು ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದಾದರೆ, ಅಗ್ಗವೆಂದು ತಂದ ಯಂತ್ರ ಮೂಲೆ ಸೇರುತ್ತದೆ. ಕೊಳ್ಳುವ ಮುಂಚೆ ಪತ್ತೆ ಮಾಡಬೇಕಾದದ್ದು ಆ ಒಂದು ಕೆಲಸವನ್ನು.

ಕ್ರೋಮ್‌ಬುಕ್ 2011ರಲ್ಲಿ ಬಂತು. ಗೂಗಲ್ ತಯಾರಿಸಿದ ಕ್ರೋಮ್ ಓಎಸ್ ಅದರಲ್ಲಿತ್ತು. ಓಎಸ್ ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ವಿಂಡೋಸ್ ಇದ್ದ ಹಾಗೆ. ಮೊದಲ ಯಂತ್ರಗಳನ್ನು ಸ್ಯಾಮ್‌ಸಂಗ್ ಮತ್ತು ಏಸರ್ ಮಾಡಿದವು. 2023ರ ಅಕ್ಟೋಬರ್‌ನಿಂದ ಎಚ್‌ಪಿ ಕಂಪನಿಯ ಕ್ರೋಮ್‌ಬುಕ್‌ಗಳು ಚೆನ್ನೈ ಹತ್ತಿರವೇ ತಯಾರಾಗುತ್ತಿವೆ. ಕ್ರೋಮ್‌ಬುಕ್‌ನಲ್ಲಿ ಮುಖ್ಯವಾಗಿ ಇರುವುದು ಬ್ರೌಸರ್, ಅಂದರೆ ವೆಬ್‌ಸೈಟ್ ತೆರೆಯುವ ಕಿಟಕಿ. ನೀವು ಬರೆದ ಕಾಗದ, ಮಾಡಿದ ಲೆಕ್ಕ, ಇಟ್ಟ ಫೋಟೋ, ಹೆಚ್ಚಾಗಿ ಗೂಗಲ್‌ನ ದೂರದ ಸರ್ವರ್‌ಗಳಲ್ಲಿ ಉಳಿಯುತ್ತವೆ. ಅದಕ್ಕೇ ಯಂತ್ರದೊಳಗೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಇದ್ದರೂ ಕೆಲಸ ಸಾಗುತ್ತದೆ. ಅಷ್ಟೇ ರ್‍ಯಾಮ್, ಅಷ್ಟೇ ಜಾಗ ಇರುವ ವಿಂಡೋಸ್ 11 ಲ್ಯಾಪ್‌ಟಾಪನ್ನು ಒಮ್ಮೆ ಅಂಗಡಿಯಲ್ಲೇ ಆನ್ ಮಾಡಿ ನೋಡಿ. ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಕಂಪನಿಯೇ ಹೇಳುವ ಕನಿಷ್ಠ ಮಟ್ಟ ಅದು. ಒಂದು ಕಿಟಕಿ ತೆರೆಯಲು ಅದು ಪಡುವ ಪಾಡು ಕಂಡರೆ ಬೇಸರವಾಗುತ್ತದೆ. ತೀರಾ ಕಡಿಮೆ ಬೆಲೆಯ ಹೊಸ ವಿಂಡೋಸ್ ಯಂತ್ರಕ್ಕಿಂತ ಅದೇ ಬೆಲೆಯ ಕ್ರೋಮ್‌ಬುಕ್ ಎಷ್ಟೋ ವಾಸಿ. ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ಅನುಕೂಲ ಸುರಕ್ಷತೆಯದು. ಕ್ರೋಮ್ ಓಎಸ್ ತನ್ನ ಎರಡು ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ಒಂದರಲ್ಲಿ ನೀವು ಕೆಲಸ ಮಾಡುತ್ತಿರುವಾಗ ಹೊಸ ಅಪ್‌ಡೇಟ್ ಇನ್ನೊಂದರೊಳಗೆ ಸದ್ದಿಲ್ಲದೆ ಸೇರುತ್ತದೆ. ಮುಂದಿನ ಸಲ ಆನ್ ಮಾಡಿದಾಗ ಹೊಸದೇ ಎದುರಿಗಿರುತ್ತದೆ. ಪ್ರತಿ ಸಲ ಶುರುವಾಗುವಾಗಲೂ ಯಾರಾದರೂ ಒಳಗೆ ಕೈಯಾಡಿಸಿದ್ದಾರಾ ಎಂದು ಯಂತ್ರ ತನ್ನನ್ನೇ ಪರೀಕ್ಷಿಸಿಕೊಳ್ಳುತ್ತದೆ. ಪೆನ್‌ಡ್ರೈವ್‌ನಲ್ಲಿ ಹತ್ತಿ ಬರುವ ವಿಂಡೋಸ್ ವೈರಸ್ ಇಲ್ಲಿ ಓಡುವುದೇ ಇಲ್ಲ. ಆದರೆ ಒಂದು ಮಾತು. ಬ್ಯಾಂಕಿನವರೆಂದು ಫೋನ್ ಮಾಡಿ ಒಟಿಪಿ ಕೇಳುವವರಿಂದ ಯಾವ ಲ್ಯಾಪ್‌ಟಾಪೂ ಕಾಪಾಡುವುದಿಲ್ಲ.

ಈಗ ತೊಡಕಿನ ವಿಷಯ. ನಮ್ಮ ಕಡೆ ಇದು ಎಲ್ಲಿ ಎಡವುತ್ತದೆ?

ಬಿ.ಕಾಂ ಓದುವವರಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿ ಬೇಕು. ಅದನ್ನು ಕ್ರೋಮ್‌ಬುಕ್‌ಗೆ ನೇರವಾಗಿ ಹಾಕಿಕೊಳ್ಳಲು ಆಗುವುದಿಲ್ಲ. ಟೆಂಡರ್ ಹಾಕುವ ಗುತ್ತಿಗೆದಾರರು, ಲೆಕ್ಕಪರಿಶೋಧಕರ ಕಚೇರಿಯವರು ಡಿಜಿಟಲ್ ಸಹಿಗೆ ಪೆನ್‌ಡ್ರೈವ್‌ನಂಥ ಯುಎಸ್‌ಬಿ ಟೋಕನ್ ಚುಚ್ಚುತ್ತಾರೆ. ಆ ಟೋಕನ್‌ಗೆ ಬೇಕಾದ ಡ್ರೈವರ್ ತಂತ್ರಾಂಶ ಇಲ್ಲಿ ಕೂರುವುದಿಲ್ಲ. ಎಂಜಿನಿಯರಿಂಗ್ ಮಕ್ಕಳ ದೊಡ್ಡ ಡ್ರಾಯಿಂಗ್ ಸಾಫ್ಟ್‌ವೇರ್‌ಗಳಿಗೂ ಇದು ಸಾಲದು. ಹಳೆಯ ಪ್ರಿಂಟರ್ ಮನೆಯಲ್ಲಿದ್ದರೆ ಅದು ಇದಕ್ಕೆ ಹೊಂದುತ್ತದಾ ಎಂದು ಮೊದಲೇ ಕೇಳಿಕೊಳ್ಳಿ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಒಂದು ತಾಪತ್ರಯ ಇದೆ. ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ನುಡಿ, ಬರಹ, ಶ್ರೀಲಿಪಿ ತಂತ್ರಾಂಶ ಬಳಸಿ ಟೈಪ್ ಮಾಡಿದ ಫೈಲುಗಳು ರಾಶಿ ಬಿದ್ದಿವೆ. ಅವುಗಳಲ್ಲಿ ಜಾಸ್ತಿ ಫೈಲುಗಳು ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡ್‌ನಲ್ಲಿ ಇಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ನುಡಿ ತಂತ್ರಾಂಶವೂ ವಿಂಡೋಸ್‌ಗೆ ಮಾಡಿದ್ದು. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ, ನಿಜ. ಆದರೆ ದಿನಕ್ಕೆ ಹತ್ತು ಸಲ ಆ ಕೆಲಸ ಮಾಡಬೇಕಾದರೆ ಯಾರಿಗೂ ಸಾಕಾಗಿಹೋಗುತ್ತದೆ. ನೀವು ಶಿಕ್ಷಕರೋ, ಪಂಚಾಯಿತಿ ಕೆಲಸದವರೋ ಆಗಿದ್ದು, ಅಂಥ ಫೈಲುಗಳು ದಿನವೂ ಬರುತ್ತವೆ ಎಂದಾದರೆ ಕ್ರೋಮ್‌ಬುಕ್ ಬೇಡ.

ಹೊಸದಾಗಿ ಕನ್ನಡ ಬರೆಯುವವರಿಗೆ ಮಾತ್ರ ಇಲ್ಲಿ ಯಾವ ಕೊರತೆಯೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಬಹುದು. ಬರವಣಿಗೆಗೆಂದು ಇರುವ ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡುತ್ತದೆ. ಕೀಲಿ ಹುಡುಕಿ ಒತ್ತಲು ಕಷ್ಟಪಡುವ ಹಿರಿಯರು ತಮ್ಮ ನೆನಪುಗಳನ್ನು ಹೇಳುತ್ತಾ ಬರೆಸಬಹುದು. ಇದು ನನಗೆ ತುಂಬಾ ಇಷ್ಟವಾದ ಸೌಲಭ್ಯ.

ನೆಟ್ ಇಲ್ಲದಾಗ ಏನು ಗತಿ? ಡಾಕ್ಸ್‌ನಲ್ಲಿ ಆಫ್‌ಲೈನ್ ಸೌಲಭ್ಯ ಇದೆ, ಆದರೆ ನೆಟ್ ಇರುವಾಗಲೇ ಅದನ್ನು ಆನ್ ಮಾಡಿಟ್ಟಿರಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿ ಇರುತ್ತದೆ, ವೈಫೈ ರೂಟರ್ ಆರಿಹೋಗುತ್ತದೆ. ಆಗ ಫೋನಿನ ಹಾಟ್‌ಸ್ಪಾಟೇ ಗತಿ. ಎಚ್‌ಡಿ ವಿಡಿಯೋ ಗಂಟೆಗೆ ಒಂದು ಜಿಬಿಗಿಂತ ಜಾಸ್ತಿ ನುಂಗಬಹುದು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಅದು ಒಂದೆರಡು ಪಾಠಕ್ಕೇ ಮುಗಿಯಬಹುದು. ರಿಲಯನ್ಸ್ 2023ರಲ್ಲಿ ₹16,499ಕ್ಕೆ ತಂದ ಜಿಯೋಬುಕ್ ಲ್ಯಾಪ್‌ಟಾಪಿನಲ್ಲಿ 4ಜಿ ಸಿಮ್ಮನ್ನೇ ಹಾಕಬಹುದಿತ್ತು. ಆದರೆ ಅದರಲ್ಲಿದ್ದದ್ದು ಆಂಡ್ರಾಯ್ಡ್ ಆಧಾರಿತ ಓಎಸ್. ವಿಂಡೋಸ್ ಸಾಫ್ಟ್‌ವೇರ್ ಓಡುವುದಿಲ್ಲ ಅನ್ನುವ ಮಾತು ಅದಕ್ಕೂ ಸಲ್ಲುತ್ತದೆ.

ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುವ ಯೋಚನೆ ಬೆಂಗಳೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಸಿಂಪ್ಯೂಟರ್ ಎಂಬ ಪುಟ್ಟ, ಅಗ್ಗದ ಕಂಪ್ಯೂಟರ್ ರೂಪಿಸಿದ್ದು ಕೆಲವರಿಗೆ ನೆನಪಿರಬಹುದು. 2004ರಲ್ಲಿ ಅದು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಬಿಇಎಲ್ ಅದನ್ನು ತಯಾರಿಸಿತು. ಊರಿಗೆ ಒಂದೇ ಯಂತ್ರ ಇದ್ದರೂ ಸಾಕು, ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್‌ಕಾರ್ಡಿನಲ್ಲಿ ಇರಲಿ ಎಂಬುದು ಅದರ ಹಿಂದಿನ ಆಸೆ. ಮಾರಾಟ ಕೈಹಿಡಿಯಲಿಲ್ಲ. ಕ್ರೋಮ್‌ಬುಕ್‌ನಲ್ಲೂ ಅಪ್ಪ, ಅಮ್ಮ, ಮಕ್ಕಳು ಬೇರೆ ಬೇರೆ ಗೂಗಲ್ ಖಾತೆಯಿಂದ ಒಂದೇ ಯಂತ್ರ ಬಳಸಬಹುದು. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ: ಸಿಂಪ್ಯೂಟರ್‌ನಲ್ಲಿ ಮಾಹಿತಿ ನಮ್ಮ ಜೇಬಿನಲ್ಲಿರುತ್ತಿತ್ತು, ಇಲ್ಲಿ ಅದು ಗೂಗಲ್ ಕೈಯಲ್ಲಿದೆ.

ಹೀಗಾಗಿ ಲ್ಯಾಪ್‌ಟಾಪ್ ಒಡೆದುಹೋದರೂ ನಿಮ್ಮ ಬರಹ ಉಳಿಯುತ್ತದೆ. ಖಾತೆ ಕಳೆದುಕೊಂಡರೆ ಎಲ್ಲವೂ ಹೋಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಮಗ ತನಗೆ ತೋಚಿದ ಪಾಸ್‌ವರ್ಡ್ ಹಾಕಿ ಅಮ್ಮನಿಗೆ ಖಾತೆ ಮಾಡಿಕೊಡುತ್ತಾನೆ. ಆಮೇಲೆ ಫೋನ್ ನಂಬರ್ ಬದಲಾಗುತ್ತದೆ. ಪಾಸ್‌ವರ್ಡ್ ಮರೆತ ದಿನ ಒಟಿಪಿ ಹಳೆಯ ನಂಬರಿಗೆ ಹೋಗುತ್ತದೆ. ದಯವಿಟ್ಟು ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ನಂಬರ್ ಬದಲಾದ ದಿನವೇ ಖಾತೆಯಲ್ಲೂ ಬದಲಿಸಿ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಿಬಿಡಬಹುದು, ಅದೂ ತಿಳಿದಿರಲಿ.

ಉಚಿತವಾಗಿ ಸಿಗುವ 15 ಜಿಬಿ ಜಾಗದ ವಿಷಯವೂ ಹೀಗೇ. ಮೇಲ್, ಫೈಲು ಇಡುವ ಡ್ರೈವ್, ಫೋಟೋ ಮೂರಕ್ಕೂ ಸೇರಿ ಅಷ್ಟು. 2021ರ ಜೂನ್‌ನಿಂದ ಸೇರಿಸುವ ಫೋಟೋಗಳೂ ಅದರಲ್ಲೇ ಲೆಕ್ಕ. ಮದುವೆ, ಗೃಹಪ್ರವೇಶದ ವಿಡಿಯೋಗಳು ಫೋನಿನಿಂದ ತಾವಾಗಿ ಹೋಗಿ ಜಾಗ ತುಂಬಿಸುತ್ತವೆ. ತುಂಬಿದ ಮೇಲೆ ಹೊಸ ಮೇಲ್ ಬರುವುದೇ ನಿಲ್ಲುತ್ತದೆ. ಕಾಲೇಜಿನಿಂದಲೋ ಕೆಲಸದ ಕಡೆಯಿಂದಲೋ ಬರಬೇಕಾದ ಪತ್ರ ವಾಪಸ್ ಹೋಗುತ್ತದೆ. ಅದಕ್ಕೆ ಮುಖ್ಯವಾದ ಫೈಲು, ಫೋಟೋಗಳ ಒಂದು ಪ್ರತಿಯನ್ನು ಹಾರ್ಡ್‌ಡಿಸ್ಕ್‌ಗೆ ಇಳಿಸಿಟ್ಟುಕೊಳ್ಳಿ. ಖಾತೆಯಲ್ಲಿರುವುದನ್ನೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಗೂಗಲ್ ಟೇಕ್‌ಔಟ್ ಇದೆ.

ಅಂಗಡಿಯಲ್ಲಿ ತಪ್ಪದೆ ಕೇಳಬೇಕಾದ ಪ್ರಶ್ನೆ ಇದು: ಈ ಮಾದರಿಗೆ ಅಪ್‌ಡೇಟ್ ಯಾವ ವರ್ಷದವರೆಗೆ? ಕ್ರೋಮ್‌ಬುಕ್‌ಗಳಿಗೆ 10 ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿತು. ಆದರೆ ಆ ಎಣಿಕೆ ನೀವು ಕೊಂಡ ದಿನದಿಂದ ಶುರುವಾಗುವುದಿಲ್ಲ. ಆ ಮಾದರಿಗೆ ಆಧಾರವಾದ ಹಾರ್ಡ್‌ವೇರ್ ಮೊದಲು ಬಂದ ಕಾಲದಿಂದ ಶುರುವಾಗುತ್ತದೆ. ಆನ್‌ಲೈನ್‌ನಲ್ಲಿ ಎಂಟು ಹತ್ತು ಸಾವಿರಕ್ಕೆ ಸಿಗುವ ಹಳೆಯ ಕ್ರೋಮ್‌ಬುಕ್‌ಗಳಲ್ಲಿ ಕೆಲವಕ್ಕೆ ಅವಧಿ ಮುಗಿದೇ ಹೋಗಿರಬಹುದು. ಮಾದರಿಯ ಹೆಸರು ಕೊಟ್ಟು ಗೂಗಲ್‌ನ ಸಹಾಯ ಪುಟದಲ್ಲಿ ನೋಡಿದರೆ ತಾರೀಖು ಸಿಗುತ್ತದೆ. ಅಂಗಡಿಯವರ ಬಾಯಿಮಾತು ನಂಬಬೇಡಿ.

ವಿಂಡೋಸ್ ಬೇಕೇ ಬೇಕು, ಹಣ ಕಡಿಮೆ ಅನ್ನುವವರು ನಂಬಿಕೆಯ ಕಡೆಯಿಂದ, ವಾರಂಟಿ ಜೊತೆಗೆ ರಿಫರ್ಬಿಷ್ಡ್, ಅಂದರೆ ಸರಿಮಾಡಿ ಮತ್ತೆ ಮಾರುವ ಹಳೆಯ ಲ್ಯಾಪ್‌ಟಾಪ್ ಕೊಳ್ಳಿ. ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಅದಕ್ಕೂ ಹೊಸದಿರಲಿ, 8 ಜಿಬಿ ರ್‍ಯಾಮ್ ಇರಲಿ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಮನೆಯಲ್ಲಿ ಅಂಥ ಹಳೆಯ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆಯಾ? ಹಾಗಿದ್ದರೆ ಹೊಸದಕ್ಕೆ ದುಡ್ಡು ಹಾಕುವ ಮೊದಲು ಅದರಲ್ಲೇ ಪರೀಕ್ಷೆ ಮಾಡಿ. ಕ್ರೋಮ್ ಓಎಸ್ ಫ್ಲೆಕ್ಸ್ ಅಂತ ಗೂಗಲ್ ಉಚಿತವಾಗಿ ಕೊಡುತ್ತದೆ. ಅದನ್ನು 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ಗೆ ಹಾಕಿ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಲ್ಯಾಪ್‌ಟಾಪಿಗೆ ಇನ್‌ಸ್ಟಾಲ್ ಮಾತ್ರ ಮಾಡಬೇಡಿ, ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಕ್ರೋಮ್‌ಬುಕ್‌ನಲ್ಲಿ ಓಡುವ ಆಂಡ್ರಾಯ್ಡ್ ಆ್ಯಪ್‌ಗಳು ಫ್ಲೆಕ್ಸ್‌ನಲ್ಲಿ ಬರುವುದಿಲ್ಲ. ಉಳಿದಂತೆ ಅನುಭವ ಹೆಚ್ಚುಕಡಿಮೆ ಅದೇ. ಒಂದು ವಾರ ಮನೆಯವರೆಲ್ಲ ಅದರಲ್ಲೇ ಕೆಲಸ ಮಾಡಿ, ಏನು ಆಗಲಿಲ್ಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಆ ಚೀಟಿ ಜೊತೆಗಿರಲಿ.

ನಮಸ್ಕಾರ.