ಉದ್ದು ನೆನೆ ಹಾಕಿದ್ದು ಯಾರು?

ನಮಸ್ಕಾರ ಎಲ್ಲರಿಗೂ. ಇವತ್ತು ಹಲಸಿನ ಎಲೆ ಕೊಟ್ಟಿಗೆ, ಅಂದ್ರೆ ಎಲೆಯಲ್ಲಿ ಹಿಟ್ಟು ಹಾಕಿ ಬೇಯಿಸುವ ಕಡುಬು, ಅದರ ಬಗ್ಗೆ ಮಾತಾಡ್ಲಿಕ್ಕೆ ಅಂತ ಎಲ್ಲ ರೆಡಿ ಮಾಡಿಟ್ಟಿದ್ದೆ, ಅದು ಇನ್ನೊಂದು ದಿನಕ್ಕೆ ಹೋಯ್ತು. ಯಾಕೆ ಅಂದ್ರೆ ಕಳೆದ ತಂಬುಳಿ ವಿಡಿಯೋ ಉಂಟಲ್ಲ, ಅದರ ಕೆಳಗೆ ಒಬ್ರು ಬರೆದಿದ್ದಾರೆ, "ಅಮ್ಮ ದಿನಾ ಮಾಡ್ತಾರೆ, ಒಂದೂ ನೆನಪಿರುದಿಲ್ಲ. ಅಪ್ಪ ಆರು ತಿಂಗಳಿಗೊಮ್ಮೆ ಮಾಡಿದ್ರೂ ಜೀವಮಾನ ಇಡೀ ನೆನಪಿರ್ತದೆ, ಅದಕ್ಕೆ ಕೈರುಚಿ ಅನ್ನುದು" ಅಂತ. ಅದಕ್ಕೆ ಲೈಕಿನ ಮೇಲೆ ಲೈಕು. ಲೈಕ್ ಒತ್ತಿದವರಲ್ಲಿ ಹೆಂಗಸರೂ ಇದ್ದಾರೆ ಮಾರಾಯ್ರೆ! ಅದು ನೋಡಿದ ಮೇಲೆ ನಂಗೆ ಕೂತಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ.

ಆ ಅಣ್ಣನ ಹತ್ರ ನಾನು ಕೇಳುದು ಒಂದೇ. ಉದ್ದು ನೆನೆ ಹಾಕಿದ್ದು ಯಾರು?

ನಮ್ಮ ಕಾಸರಗೋಡಿನ ಯಾವ ಮನೆಗೆ ಬೇಕಾದ್ರೂ ಹೋಗಿ, ಕುಂಬಳೆಗೆ ಹೋಗಿ, ಬದಿಯಡ್ಕಕ್ಕೆ ಹೋಗಿ, ಪೆರ್ಲಕ್ಕೆ ಹೋಗಿ, ಆದಿತ್ಯವಾರ ಬೆಳಿಗ್ಗೆ ಅಪ್ಪ ದೋಸೆ ಎರೀತಾರೆ ಅಂತ ಇಟ್ಟುಕೊಳ್ಳಿ. ಕಾವಲಿ ಮುಂದೆ ನಿಂತು ತುಪ್ಪ ಹಾಕಿ ಗರಿಗರಿ ಮಾಡಿ ಮಕ್ಕಳ ಬಟ್ಟಲಿಗೆ ಹಾಕ್ತಾರೆ, ಮಕ್ಕಳು "ಅಪ್ಪನ ದೋಸೆ ಸೂಪರ್" ಅಂತಾರೆ, ಯಾರೋ ಒಬ್ರು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ, ಬೆಂಗಳೂರಲ್ಲಿರುವ ಅತ್ತೆ ಹಾರ್ಟ್ ಕಳಿಸ್ತಾರೆ. ಒಳ್ಳೇದೇ. ಆದ್ರೆ ಶನಿವಾರ ಮಧ್ಯಾಹ್ನ ಊಟ ಆದ ಕೂಡ್ಲೆ ಉದ್ದು, ಅಕ್ಕಿ, ನಾಲ್ಕು ಕಾಳು ಮೆಂತೆ ತೊಳೆದು ನೆನೆ ಹಾಕಿದ್ದು ಯಾರು? ಸಂಜೆ ಗ್ರೈಂಡರ್ ತಿರುಗಿಸಿ, ನಡುವಲ್ಲಿ ಕರೆಂಟು ಹೋಗಿ, ಬಂದ ಮೇಲೆ ಪುನಃ ತಿರುಗಿಸಿ, ಆ ಕಲ್ಲು ಎತ್ತಿ ತೊಳೆದದ್ದು ಯಾರು? ಮಳೆಗಾಲದಲ್ಲಿ ಹಿಟ್ಟು ಹುಳಿ ಬರ್ಲಿಕ್ಕೆ ತಡ ಆಗ್ತದೆ ಅಂತ ಒಲೆ ಹತ್ರ ಬೆಚ್ಚಗೆ ಇಡುದು, ಸೆಕೆಗಾಲದಲ್ಲಿ ಉಕ್ಕಿ ಚೆಲ್ತದೆ ಅಂತ ದೊಡ್ಡ ಪಾತ್ರೆ ಹುಡುಕುದು, ಇದೆಲ್ಲ ಅಮ್ಮನ ತಲೆಯಲ್ಲಿ ಇರ್ತದೆ. ಅಪ್ಪ ಎರೆದದ್ದು ದೋಸೆಯ ಕೊನೆಯ ಎರಡು ನಿಮಿಷ. ಅಷ್ಟೇ.

ಅಮ್ಮನ ಅಡಿಗೆಗೂ ಅಪ್ಪನ ಅಡಿಗೆಗೂ ವ್ಯತ್ಯಾಸ ರುಚಿಯಲ್ಲಿ ಇಲ್ಲ, ಕೈಯಲ್ಲೂ ಇಲ್ಲ. ಅಪ್ಪನ ಅಡಿಗೆ ಒಲೆ ಹೊತ್ತಿಸುವಾಗ ಸುರು ಆಗ್ತದೆ. ಅಮ್ಮನ ಅಡಿಗೆ ಹಿಂದಿನ ದಿನ ಸುರು ಆಗ್ತದೆ. ಇದನ್ನು ನಾನು ಇವತ್ತು ಎಷ್ಟು ಸಲ ಬೇಕಾದ್ರೂ ಹೇಳ್ತೇನೆ, ಬೇಜಾರಾದ್ರೆ ಆಗ್ಲಿ.

ಹಿಂದಿನ ದಿನ ಅಂದದ್ದು ಕೂಡ ಕಮ್ಮಿ ಆಯ್ತು. ಆಟಿ ತಿಂಗಳಲ್ಲಿ, ಅಂದ್ರೆ ಜುಲೈ-ಆಗಸ್ಟ್ ಹೊತ್ತಿಗೆ, ಹೊರಗೆ ಕಾಲಿಡ್ಲಿಕ್ಕೆ ಆಗದ ಮಳೆ, ಪೇಟೆಗೆ ಹೋಗ್ಲಿಕ್ಕೂ ಇಲ್ಲ, ಆವಾಗ ಉಪ್ಪುಸೊಳೆ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸೌತೆಕಾಯಿ ಹುಳಿ, ಗಂಜಿ, ಹೊಟ್ಟೆ ತುಂಬ ಊಟ. ಆ ಸೊಳೆ ಬಿಡಿಸಿ ಉಪ್ಪಿಗೆ ಹಾಕಿದ್ದು ಯಾವಾಗ? ಮೇ ತಿಂಗಳಲ್ಲಿ. ಹಪ್ಪಳ ಒತ್ತಿ ಜಾಲಲ್ಲಿ, ಅಂದ್ರೆ ಅಂಗಳದಲ್ಲಿ, ಒಣಗಿಸಿ ಕಾಗೆ ಓಡಿಸಿದ್ದು ವಿಷು ಆದ ಮೇಲಿನ ಬಿಸಿಲಿಗೆ. ಸೌತೆಕಾಯಿಗೆ ಬಳ್ಳಿ ಕಟ್ಟಿ ಮನೆಯ ಮಾಡಿಗೆ (ಸೂರಿಗೆ) ನೇತು ಹಾಕಿದ್ದು ಬೇಸಿಗೆಯಲ್ಲಿ, ಹಲಸಿನ ಬೀಜಕ್ಕೆ ಕೆಮ್ಮಣ್ಣು ಹಚ್ಚಿ ಮೂಲೆಗೆ ಹಾಕಿದ್ದು ಹಪ್ಪಳದ ಕೆಲಸ ಮುಗಿದ ಮೇಲೆ. ಅಂದ್ರೆ ಜುಲೈ ತಿಂಗಳ ಒಂದು ಮಧ್ಯಾಹ್ನದ ಊಟ ಏಪ್ರಿಲಲ್ಲಿ ಸುರು ಆಗಿದೆ! ಮತ್ತೆ ಅದೇ ಸೌತೆಯ ತಿರುಳು ದೋಸೆಗೆ ಹೋಗ್ತದೆ, ಸಿಪ್ಪೆ ಚಟ್ನಿಗೆ ಹೋಗ್ತದೆ, ಉಳಿದ ಹುಳಿಯನ್ನು ರಾತ್ರಿ ಮಲಗುವ ಮೊದ್ಲು ಪುನಃ ಕುದಿಸಿ ಇಡ್ತಾರೆ ಹಾಳಾಗದ ಹಾಗೆ, ಮಜ್ಜಿಗೆ ಬೇಕು ಅಂತ ಹಾಲಿಗೆ ಹೆಪ್ಪು ಹಾಕ್ತಾರೆ, ಅಜ್ಜನಿಗೆ ಖಾರ ಆಗುದಿಲ್ಲ ಅಂತ ಅವರ ಪಾಲು ಮೊದ್ಲೇ ತೆಗೆದಿಡ್ತಾರೆ. ಇದು ಯಾವುದನ್ನೂ ಯಾರೂ ಫೋಟೋ ತೆಗೆಯುದಿಲ್ಲ.

ಈಗ ಕಾಮೆಂಟಲ್ಲಿ ಬರ್ತದೆ ಅಂತ ಗೊತ್ತುಂಟು, "ನಳ ಯಾರು, ಭೀಮ ಯಾರು, ಗಂಡಸರೇ ಅಲ್ವಾ, ನಳಪಾಕ ಅಂತ ಸುಮ್ಮನೆ ಹೇಳ್ತಾರಾ" ಅಂತ. ಭೀಮ ವಿರಾಟನ ಅರಮನೆಯಲ್ಲಿ ವಲಲ ಅಂತ ಹೆಸರಿಟ್ಟುಕೊಂಡು ಅಡಿಗೆ ಮಾಡಿದ್ದು ಅಜ್ಞಾತವಾಸದ ಒಂದು ವರ್ಷ. ಅರಮನೆಯ ಅಡಿಗೆಮನೆ ಅದು, ಸಾಮಾನು ರಾಜನದ್ದು. ನಾಳೆ ಬೆಳಿಗ್ಗೆಗೆ ಅಕ್ಕಿ ಉಂಟಾ ಅಂತ ಡಬ್ಬ ತಟ್ಟಿ ನೋಡುವ ಕರ್ಮ ಅವನಿಗೆ ಇರ್ಲಿಲ್ಲ. ಆ ವಿಷಯ ಬಿಡಿ.

ಇನ್ನೊಂದು, ಇದು ನಮ್ಮ ಊರಿನವರದ್ದೇ ವಾದ. "ಮದುವೆ, ಉಪನಯನದಂಥ ಜಂಬ್ರದಲ್ಲಿ ಸಾವಿರ ಜನಕ್ಕೆ ಅಡಿಗೆ ಮಾಡುದು ಗಂಡಸರು, ಹೆಂಗಸರ ಕೈಯಲ್ಲಿ ಆಗ್ತದಾ?" ಅಡಿಗೆ ಭಟ್ರ ಮೇಲೆ ನಂಗೆ ತುಂಬ ಗೌರವ ಉಂಟು, ಅವರ ಮೇಲಾರ (ಮಜ್ಜಿಗೆ ಹುಳಿ), ಅವರ ಪಾಯಸಕ್ಕೆ ಸಮ ಇಲ್ಲ. ಆದ್ರೆ ನೋಡಿ, ಅವರಿಗೂ ಹಿಂದಿನ ದಿನ ಉಂಟು. ಹಿಂದಿನ ರಾತ್ರಿ ಇಡೀ ನೆರೆಕರೆಯವರು ಮೇಲಾರಕ್ಕೆ ತರಕಾರಿ ಕೊರೆಯಲಿಕ್ಕೆ ಅಂತ ಬಂದು ಮೆಟ್ಟುಕತ್ತಿ (ಈಳಿಗೆಮಣೆ) ಹಿಡಿದು ಕೂತ್ಕೊಳ್ತಾರೆ, ಚಾ ಕೊಡ್ತಾರೆ, ಪಟ್ಟಾಂಗ ನಡೀತದೆ. ಭಟ್ರಿಗೆ ಸಹಾಯಕ್ಕೆ ಜನ ಉಂಟು, ಪಾತ್ರೆ ತೊಳೀಲಿಕ್ಕೆ ಬೇರೆ ಜನ ಉಂಟು, ಹೋಗುವಾಗ ಕೈಗೆ ಸಂಬಳ ಉಂಟು. ಸಂಬಳ, ಸಹಾಯ, ಹೆಸರು ಮೂರೂ ಇದ್ರೆ ಅಡಿಗೆ ಗಂಡಸರ ಕೆಲಸ, ಮೂರೂ ಇಲ್ಲದಿದ್ರೆ ಹೆಂಗಸರ ಕೆಲಸ, ಇದ್ಯಾವ ನ್ಯಾಯ ಹೇಳಿ ನೋಡುವ?

ನಂಗೆ ಎಲ್ಲಕ್ಕಿಂತ ಜಾಸ್ತಿ ಉರಿಯುದು ಗಲ್ಫಿನ ವಿಷಯ. ನಮ್ಮ ಜಿಲ್ಲೆಯಲ್ಲಿ ಗಲ್ಫಿಗೆ ಹೋದವರು ಇಲ್ಲದ ಊರು ಉಂಟಾ? ಅಲ್ಲಿ ಬ್ಯಾಚುಲರ್ ರೂಮಲ್ಲಿ ಎಲ್ರೂ ಸರದಿ ಪ್ರಕಾರ ಅಡಿಗೆ ಮಾಡ್ತಾರೆ. ನಾಳೆ ನನ್ನ ಸರದಿ ಅಂದ್ರೆ ಇವತ್ತು ರಾತ್ರಿಯೇ ಕಡ್ಲೆ ನೆನೆ ಹಾಕ್ತಾರೆ, ಡ್ಯೂಟಿ ಮುಗಿಸಿ ಬಂದು ಮೀನು ಕ್ಲೀನ್ ಮಾಡ್ತಾರೆ, ಪಾತ್ರೆ ತೊಳೆದು ಕವುಚಿ ಇಡ್ತಾರೆ, ತೊಳೆಯದಿದ್ರೆ ರೂಮ್‌ಮೇಟ್ ಬಿಡ್ತಾನಾ? ಅಂದ್ರೆ ಬರ್ತದೆ! ಎಲ್ಲ ಬರ್ತದೆ! ಅದೇ ಮನುಷ್ಯ ಲೀವಲ್ಲಿ ಮನೆಗೆ ಬಂದು ಚಾವಡಿಯಲ್ಲಿ ಕೂತು "ಜೀರಿಗೆ ಡಬ್ಬ ಯಾವುದು?" ಅಂತ ಕೇಳ್ತಾರೆ. ಒಂದು ದಿನ ಬಿರಿಯಾನಿ ಮಾಡ್ತಾರೆ, ನೀರುಳ್ಳಿ ಹೆಚ್ಚಿ ಕೊಡುದು ಮಗಳು, ಬೆಳ್ಳುಳ್ಳಿ ಸುಲಿದು ಕೊಡುದು ಹೆಂಡತಿ, ಮನೆಯಲ್ಲಿದ್ದ ಪಾತ್ರೆ ಎಲ್ಲ ಸಿಂಕಿಗೆ, ಗ್ಯಾಸಿನ ಮೇಲೆಲ್ಲ ಎಣ್ಣೆ. ತೊಳೆದದ್ದು ಯಾರು? ಬಾಯಿ ಬಿಟ್ಟು ಹೇಳಿ, ಯಾರು?

"ಅಪ್ಪ ಹೊರಗೆ ದುಡೀತಾರೆ" ಅಂತ ಇನ್ನು ಕೆಲವರು. ಅಮ್ಮ ದುಡಿಯುದಿಲ್ವಾ? ಶಾಲೆಗೆ ಹೋಗುವ ಟೀಚರಮ್ಮ ಉಂಟು, ಮನೆಯಲ್ಲೇ ಕೂತು ಬೀಡಿ ಕಟ್ಟಿದ ಅಮ್ಮಂದಿರು ಉಂಟು, ರಾತ್ರಿ ಊಟ ಆದ ಮೇಲೆ ಅಡಿಕೆ ಸುಲೀಲಿಕ್ಕೆ ಕೂರುವವರು ಉಂಟು. ಕೇಂದ್ರ ಸರ್ಕಾರದವರೇ ಸಮಯ ಬಳಕೆ ಸಮೀಕ್ಷೆ ಮಾಡಿದ್ದಾರಲ್ಲ, 2019ರಲ್ಲಿ ನೋಡಿದಾಗ ಸಂಬಳ ಇಲ್ಲದ ಮನೆಕೆಲಸ ಮಾಡುವ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಹಾಗೆ ಮಾಡುವವರಲ್ಲೇ ದಿನಕ್ಕೆ ಹೆಂಗಸರದ್ದು 299 ನಿಮಿಷ, ಗಂಡಸರದ್ದು 97. ಪುನಃ 2024ರಲ್ಲಿ ನೋಡಿದ್ರೆ ಹೆಂಗಸರದ್ದು 289, ಗಂಡಸರದ್ದು 88. ಕಾಲ ಬದಲಾಗಿದೆ, ಈಗಿನ ಗಂಡಸರು ಎಷ್ಟು ಸಹಾಯ ಮಾಡ್ತಾರೆ ಅಂತೀರಲ್ಲ, 97ರಿಂದ ಇಳಿದು 88 ಆಗಿದೆ! ಮತ್ತೆ ಕೇಳಿ, ಆ ಸಮೀಕ್ಷೆಯಲ್ಲಿ ದಿನವನ್ನು ಅರ್ಧರ್ಧ ಗಂಟೆಯಾಗಿ ತುಂಡು ಮಾಡಿ ಏನು ಮಾಡಿದ್ರಿ ಅಂತ ಬರ್ಕೊಳ್ಳುದು, ಆ ಅರ್ಧ ಗಂಟೆಯಲ್ಲಿ ಒಂದಕ್ಕಿಂತ ಹೆಚ್ಚು ಕೆಲಸ ಮಾಡಿದ್ರೆ ಹತ್ತು ನಿಮಿಷವಾದ್ರೂ ಆದದ್ದು ಮಾತ್ರ ಲೆಕ್ಕಕ್ಕೆ. ಉದ್ದು ತೊಳೆದು ನೆನೆ ಹಾಕ್ಲಿಕ್ಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಹೆಪ್ಪು ಹಾಕ್ಲಿಕ್ಕೆ ಅರ್ಧ ನಿಮಿಷ. ಸರ್ಕಾರದ ಲೆಕ್ಕಕ್ಕೂ ಸಿಗುದಿಲ್ಲ ಅದು. ಆದ್ರೆ ಅದನ್ನು ಮರೆತ್ರೆ ಮರುದಿನ ಇಡೀ ಮನೆಗೆ ತಿಂಡಿ ಇಲ್ಲ.

ಅಂದ ಹಾಗೆ ಬೆಲ್ ಐಕಾನ್ ಒತ್ತದವರು ಒತ್ತಿ. ತುಂಬ ಜನ ನೋಡ್ತೀರಿ, ಸಬ್‌ಸ್ಕ್ರೈಬ್ ಆಗುದಿಲ್ಲ. ಗಡಿಯ ಈಚೆ ಕೇರಳದಲ್ಲಿ ಕೂತು ಕನ್ನಡದಲ್ಲಿ ಅಡಿಗೆ ಮಾತಾಡುವ ಚಾನೆಲ್ ಇದು, ನೀವು ಒತ್ತಿದ್ರೆ ನಂಗೆ ಧೈರ್ಯ.

ನಮ್ಮ ಹತ್ತಿರದಲ್ಲೇ ಒಬ್ರು ಮಾವ ಇದ್ದಾರೆ, ಹೆಸರು ಬೇಡ. ಅತ್ತೆಗೆ ಕೈ ಗಂಟು ಹಿಡಿದು ಲೋಟ ಎತ್ತಲಿಕ್ಕೂ ಆಗದ ಮೇಲೆ ಅಡಿಗೆ ಪೂರ್ತಿ ಅವರದ್ದೇ. ಸಂಜೆ ದನದ ಹಟ್ಟಿ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಮೊದ್ಲು ಅಕ್ಕಿ ಉದ್ದು ನೋಡ್ತಾರೆ. ಕುಚ್ಚಿಲಕ್ಕಿ ಬೇಯ್ಲಿಕ್ಕೆ ಹೊತ್ತು ಬೇಕು ಅಂತ ಬೆಳಿಗ್ಗೆ ಬೇಗ ಒಲೆಗೆ ಕಿಚ್ಚು ಹಾಕ್ತಾರೆ, ಕಾಯಿ ಹೆರೀತಾರೆ, ಅತ್ತೆಗೆ ಉಪ್ಪು ಕಮ್ಮಿ ಹಾಕಿ ಬೇರೆ ಮಾಡ್ತಾರೆ. ಅವರ ಅಡಿಗೆಯ ಫೋಟೋ ಯಾವ ಗ್ರೂಪಲ್ಲಾದ್ರೂ ಬಂದದ್ದುಂಟಾ? ಇಲ್ಲ. ಮಕ್ಕಳು ಊರಿಗೆ ಬಂದ್ರೆ "ಇವತ್ತೂ ಅದೇ ಸಾರಾ?" ಅಂತಾರೆ. ಅರ್ಥ ಆಯ್ತಾ? ದಿನಾ ಮಾಡ್ಲಿಕ್ಕೆ ಸುರು ಮಾಡಿದ ಕೂಡ್ಲೆ ಅವರೂ ಅಮ್ಮ ಆದ್ರು, ಅವರ ಕೈರುಚಿ ಯಾರಿಗೂ ಕಾಣುದಿಲ್ಲ! ನಿಮಗೆ ನೆನಪಿರುದು ಅಪ್ಪನ ರುಚಿ ಅಲ್ಲ ಅಣ್ಣಾ, ಅಪರೂಪ ಅಂತ ನೆನಪಿರುದು. ಮಳೆಗಾಲದಲ್ಲಿ ಒಂದು ದಿನ ಬಿಸಿಲು ಬಂದ್ರೆ ಎಲ್ರೂ ಜಾಲಿಗೆ ಬಂದು ನಿಲ್ತಾರಲ್ಲ, ಹಾಗೆ.

ಹಾಗಂತ ಅಪ್ಪಂದಿರು ಅಡಿಗೆಮನೆಗೆ ಬರುದು ಬೇಡ ಅಂತ ನಾನು ಹೇಳ್ತಾ ಇಲ್ಲ. ಬನ್ನಿ. ಬೇಗ ಬನ್ನಿ. ಹಿಂದಿನ ದಿನವೇ ಬನ್ನಿ! ಅಕ್ಕಿ ಡಬ್ಬ ನೋಡಿ, ಉದ್ದು ನೆನೆ ಹಾಕಿ, ಗ್ರೈಂಡರಿನ ಕಲ್ಲು ತೊಳೆಯಿರಿ, ಬೇಡ್ವಾ? ಆಗ ಮಾತ್ರ ಕೈರುಚಿ ಅಂತ ನನ್ನ ಎದುರು ಹೇಳಿ. ಇಲ್ಲದಿದ್ರೆ ಹೇಳ್ಬೇಡಿ, ನಂಗೆ ಕೇಳ್ಲಿಕ್ಕೆ ಆಗುದಿಲ್ಲ. ಆಗುದಿಲ್ಲ ಅಂದ್ರೆ ಆಗುದಿಲ್ಲ. "ಅಕ್ಕ ಯಾಕೆ ಇಷ್ಟು ಬಿಸಿ ಆಗ್ತೀರಿ" ಅಂತ ಬರೀತೀರಿ, ಬರೆಯಿರಿ, ನಾನು ಓದುದೂ ಓದ್ತೇನೆ, ಉತ್ತರವೂ ಕೊಡ್ತೇನೆ.

ಬರೆದುಕೊಂಡು ಬಂದದ್ದು ಇನ್ನೂ ಎರಡು ಪೇಜ್ ಉಂಟು, ಅದು ಇರ್ಲಿ. ಮುಂದಿನ ವಿಡಿಯೋ ಉಪ್ಪುಸೊಳೆ ಹಾಕುದು ಹೇಗೆ ಅಂತ, ಕೊಟ್ಟಿಗೆ ಅದರ ನಂತರ. ಸೊಳೆ ಬಿಡಿಸ್ಲಿಕ್ಕೆ ಈ ಸಲ ಗಂಡಸರು ಮಾತ್ರ ಕ್ಯಾಮೆರಾ ಮುಂದೆ ಕೂರ್ಬೇಕು ಅಂತ ನಾನು ತೀರ್ಮಾನ ಮಾಡಿ ಆಗಿದೆ, ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆಯವರು ಯಾರಾದ್ರೂ ಬರುದಾದ್ರೆ ಕೆಳಗೆ ಬರೆಯಿರಿ. ಹಲಸಿನ ಮೇಣಕ್ಕೆ ಕೈಗೆ ಹಚ್ಚುವ ತೆಂಗಿನೆಣ್ಣೆ ನಾನು ಕೊಡ್ತೇನೆ, ಮೆಟ್ಟುಕತ್ತಿ ನಿಮ್ಮ ಮನೆಯದ್ದೇ ತನ್ನಿ, ಎಲ್ಲಿ ಇಟ್ಟಿದ್ದಾರೆ ಅಂತ ಅಮ್ಮನ ಹತ್ರ ಕೇಳದೆ ಹುಡುಕಿ ತನ್ನಿ.