ಈಸ್ಟ್ರೋಜನ್ ಬೇಡ ಅಂದರೆ ಮುಂದೇನು?

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿ ಭಾನುವಾರ ಸಂಜೆ ಮನೆಗೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ. ಹಿಂದಿನ ಸಾಲಿನಲ್ಲಿ ಕೆಲವು ಗಂಡಸರೂ ಕಾಣ್ತಿದ್ದಾರೆ. ಎದ್ದು ಹೋಗಬೇಡಿ, ನಿಮ್ಮ ಸರದಿಯೂ ಬರುತ್ತದೆ.

"ಡಾಕ್ಟ್ರೇ, ನಂಗೆ ಮಾತ್ರೆ ಆಗಲ್ಲ ಅಂದಿದ್ದಾರೆ." ಗರ್ಭನಿರೋಧಕ ಮಾತ್ರೆಯ ಬಗ್ಗೆ ನಾನು ದಿನಾ ಕೇಳುವ ಮಾತು ಇದು. ಯಾಕಮ್ಮಾ ಆಗಲ್ಲ ಅಂದರೆ ಉತ್ತರ ಇರುವುದಿಲ್ಲ. ಆ ಕಾರಣ ಗೊತ್ತಿಲ್ಲದಿದ್ದರೆ ಬೇರೆ ದಾರಿ ಆರಿಸುವುದು ಕಷ್ಟ. ಒಬ್ಬೊಬ್ಬರ ಕಾರಣಕ್ಕೆ ಒಂದೊಂದು ದಾರಿ.

ಮಾಲಾ-ಡಿ ಪಟ್ಟಿ ನೋಡಿದ್ದೀರಲ್ಲ? 28 ಮಾತ್ರೆ. ಕೊನೆಯ 7 ಕಂದು ಮಾತ್ರೆಗಳಲ್ಲಿ ಇರುವುದು ಬರೀ ಕಬ್ಬಿಣಾಂಶ. ಉಳಿದ 21ರಲ್ಲಿ ಎರಡು ಹಾರ್ಮೋನು: ಈಸ್ಟ್ರೋಜನ್, ಪ್ರೊಜೆಸ್ಟಿನ್. ಗರ್ಭ ತಡೆಯುವ ಮುಖ್ಯ ಕೆಲಸ ಪ್ರೊಜೆಸ್ಟಿನ್‌ದು. ಈಸ್ಟ್ರೋಜನ್ ಮುಟ್ಟನ್ನು ಹದದಲ್ಲಿಡುತ್ತದೆ, ಜೊತೆಗೆ ರಕ್ತ ಹೆಪ್ಪುಗಟ್ಟುವ ಗುಣವನ್ನೂ ಹೆಚ್ಚಿಸುತ್ತದೆ. ಗಟ್ಟಿಮುಟ್ಟಾದ 25ರ ಹುಡುಗಿಗೆ ಇದು ದೊಡ್ಡ ಅಪಾಯವೇನಲ್ಲ. ಆದರೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಒಮ್ಮೆ ಹೆಪ್ಪುಗಟ್ಟಿದವರಿಗೆ, ಸ್ಟ್ರೋಕ್ ಆದವರಿಗೆ ಬೇಡವೇ ಬೇಡ. ಬಿಪಿ 160/100 ದಾಟಿದರೂ ಅಷ್ಟೆ. 140/90 ಆದಾಗಲೇ ಬೇರೆ ದಾರಿ ನೋಡುವುದು ಒಳ್ಳೆಯದು. 35 ದಾಟಿ ಸಿಗರೇಟು ಸೇದುವವರಿಗೂ ಬೇಡ. ಮೊಲೆಯುಣಿಸುವ ಬಾಣಂತಿಗೆ ಮೊದಲ 6 ವಾರ ಕೊಡಲೇಬಾರದು, 6 ತಿಂಗಳವರೆಗೂ ತಪ್ಪಿಸುತ್ತೇವೆ.

ಇನ್ನೊಂದು ಕಾರಣ ಎಷ್ಟೋ ಸಲ ಕಣ್ಣು ತಪ್ಪುತ್ತದೆ. ಒಬ್ಬ ಹುಡುಗಿ "ಸುಮ್ನೆ ತಲೆನೋವು, ಅಷ್ಟೇ" ಅಂದಳು. ಕೆದಕಿ ಕೇಳಿದೆ. ನೋವು ಶುರುವಾಗುವ ಮುಂಚೆ ಪ್ಲಾಟ್‌ಫಾರ್ಮಿನ ಇಂಡಿಕೇಟರ್‌ನಲ್ಲಿ ಅರ್ಧ ಅಕ್ಷರ ಕಾಣುವುದಿಲ್ಲವಂತೆ. ಆ ಜಾಗದಲ್ಲಿ ಅಂಕುಡೊಂಕಾದ ಹೊಳೆಯುವ ಗೆರೆಗಳು. ಲೋಕಲ್ ರೈಲು ಫಾಸ್ಟಾ ಸ್ಲೋನಾ ಅಂತ ಪಕ್ಕದವರನ್ನು ಕೇಳಬೇಕು. ಇಪ್ಪತ್ತು ನಿಮಿಷದಲ್ಲಿ ಗೆರೆ ಮಾಯ, ಆಮೇಲೆ ಒಂದೇ ಕಡೆ ತಲೆ ಸಿಡಿಯುತ್ತದೆ. ನೋವಿಗೆ ಮುಂಚೆ ಹೀಗೆ ಗೆರೆ ಕಾಣುವುದಕ್ಕೆ ಆರಾ ಅನ್ನುತ್ತಾರೆ, ಇದು ಆರಾ ಇರುವ ಮೈಗ್ರೇನ್. ಇಂಥವರಿಗೆ ಸ್ಟ್ರೋಕ್ ಅಪಾಯ ಮೊದಲೇ ತುಸು ಜಾಸ್ತಿ. ಅದರ ಮೇಲೆ ಈಸ್ಟ್ರೋಜನ್ ಕೊಡುವಂತಿಲ್ಲ, ವಯಸ್ಸು ಎಷ್ಟೇ ಇರಲಿ. ಮೆಡಿಕಲ್ ಅಂಗಡಿಯವನು ಇದನ್ನೆಲ್ಲ ಕೇಳುತ್ತಾನಾ? ಬಿಪಿ ಕೂಡ ನೋಡುವುದಿಲ್ಲ.

ಅವಳಿಗೆ ಹಾಕಿದ್ದು ಕಾಪರ್ ಟಿ, ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನ. ಅದರಲ್ಲಿ ಹಾರ್ಮೋನೇ ಇಲ್ಲ. ಅದರಲ್ಲೇ 380ಎ ಅನ್ನುವ ಬಗೆ ಹತ್ತು ವರ್ಷ, 375 ಅನ್ನುವುದು ಐದು ವರ್ಷ ಬರುತ್ತದೆ. ಹಾಕಿಸಿಕೊಂಡ ನೂರು ಹೆಂಗಸರಲ್ಲಿ ಮೊದಲ ವರ್ಷ ಗರ್ಭಿಣಿಯಾಗುವವರು ಒಬ್ಬರಿಗಿಂತ ಕಡಿಮೆ. ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ ಹೋಗುತ್ತದೆ, ಹೊಟ್ಟೆನೋವೂ ಇರುತ್ತದೆ. ಮೊದಲೇ ರಕ್ತ ಕಡಿಮೆ ಇದ್ದು, ಮುಟ್ಟಿನಲ್ಲಿ ಸುಸ್ತಾಗಿ ಮಲಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅವರಿಗೆ ಕಾಪರ್ ಟಿಯಂತೆಯೇ ಗರ್ಭಕೋಶದೊಳಗೆ ಇಡುವ, ಪ್ರೊಜೆಸ್ಟಿನ್ ಇರುವ ಹಾರ್ಮೋನ್ ಕಾಯಿಲ್ ಒಳ್ಳೆಯದು, ಮುಟ್ಟೇ ತಗ್ಗುತ್ತದೆ. ಬೆಲೆ ಮಾತ್ರ ಕೈ ಸುಡುತ್ತದೆ.

ಬರೀ ಪ್ರೊಜೆಸ್ಟಿನ್ ಇರುವ ಅಂತರಾ ಇಂಜೆಕ್ಷನ್ ಸರಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ, 3 ತಿಂಗಳಿಗೊಮ್ಮೆ. ಅತ್ತೆಯ ಕಣ್ಣಿಗೆ ಮಾತ್ರೆ ಪಟ್ಟಿ ಬೀಳಬಾರದು ಅನ್ನುವವರಿಗೆ ಇದೇ ಇಷ್ಟ. ಮೊದಮೊದಲು ಮುಟ್ಟು ಹೇಗೆಂದರೆ ಹಾಗೆ ಬರುತ್ತದೆ, ಆಮೇಲೆ ನಿಂತೇ ಹೋಗಬಹುದು. "ಕೆಟ್ಟ ರಕ್ತ ಒಳಗೇ ಉಳೀತಾ?" ಅಂತ ಹೆದರುತ್ತಾರೆ. ಇಲ್ಲ ಕಣ್ರೀ. ಗರ್ಭಕೋಶದ ಒಳಪದರ ಬೆಳೆಯದೇ ತೆಳ್ಳಗಿರುತ್ತದೆ, ಹೊರಗೆ ಬರಲು ಏನೂ ಇರುವುದಿಲ್ಲ. ಬಿಟ್ಟ ಮೇಲೆ ಬಸಿರು ನಿಲ್ಲಲು 7ರಿಂದ 10 ತಿಂಗಳು ಹಿಡಿಯಬಹುದು. ಮುಂದಿನ ವರ್ಷವೇ ಮಗು ಬೇಕು ಅನ್ನುವವರು ಯೋಚಿಸಿ. ಬಿಪಿ ತುಂಬಾ ಏರಿದವರಿಗೆ, ಸ್ಟ್ರೋಕ್ ಆದವರಿಗೆ ಇದೂ ಮೊದಲ ಆಯ್ಕೆಯಲ್ಲ. ಈಸ್ಟ್ರೋಜನ್ ಇಲ್ಲ ಅಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುತ್ತದೆ ಅಂತಲ್ಲ.

ಬರೀ ಪ್ರೊಜೆಸ್ಟಿನ್ ಇರುವ ಮಾತ್ರೆಯೂ ಇದೆ. ದಿನಾ ಅದೇ ಹೊತ್ತಿಗೆ ತಗೋಬೇಕು. ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಮರೆಯುವವರಿಗೆ ಇದು ಬೇಡ. ಛಾಯಾ ಮಾತ್ರೆ ಬೇರೆ ಥರದ್ದು, ಅದರಲ್ಲಿ ಹಾರ್ಮೋನಿಲ್ಲ, ಲಖನೌನ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು. ಮೊದಲ 3 ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಅಂಡಾಶಯದಲ್ಲಿ ನೀರುಗುಳ್ಳೆಗಳಾಗುವ ಪಿಸಿಓಡಿ ಇದ್ದವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಆಗದು. ಹೆಪ್ಪುಗಟ್ಟಿದ ಇತಿಹಾಸ ಇದ್ದವರು ಕೇಳದೆ ತಗೋಬೇಡಿ.

ಸ್ತನದ ಕ್ಯಾನ್ಸರ್ ಇದ್ದರೆ ಎರಡೂ ಹಾರ್ಮೋನು ದೂರ, ಕಾಪರ್ ಟಿ ಅಥವಾ ಕಾಂಡೋಮ್. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿದ್ದರೆ ಹಾರ್ಮೋನ್ ಮಾತ್ರೆಯ ಬಲ ಕುಗ್ಗುತ್ತದೆ. ಕಾಪರ್ ಟಿಗೆ, ಅಂತರಾಗೆ ಆ ತೊಂದರೆ ಇಲ್ಲ.

ಇಷ್ಟು ಬಿಚ್ಚಿ ಮಾತಾಡುವುದು ಈ ಮುಂಬೈ ಸೀಮೆಗೆ ಹೊಸದಲ್ಲ. ಸಮಾಜ ಸುಧಾರಕ ರಘುನಾಥ ಧೋಂಡೋ ಕರ್ವೆ 1921ರಲ್ಲೇ ಮುಂಬೈನಲ್ಲಿ ಗರ್ಭನಿರೋಧಕ್ಕೆ ಕ್ಲಿನಿಕ್ ತೆರೆದರು. 1930ರಲ್ಲಿ ನಮ್ಮ ಮೈಸೂರು ಸಂಸ್ಥಾನ ಸರಕಾರದ ಖರ್ಚಿನಲ್ಲೇ ತೆರೆಯಿತು. ನಾವು ಇನ್ನೂ ಪಿಸುಗುಡುತ್ತೇವೆ!

ಈಗ ಹಿಂದಿನ ಸಾಲಿನವರಿಗೆ. ಹೆಂಡತಿಗೆ ಬಿಪಿ ಇದೆ, ಇನ್ನು ಮಕ್ಕಳು ಬೇಡ ಅಂತ ಇಬ್ಬರೂ ತೀರ್ಮಾನಿಸಿದ್ದೀರಿ ಅನ್ನಿ. ಹೊಲಿಗೆಯಿಲ್ಲದ ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಆಪರೇಷನ್ ಮಾಡಿಸಿಕೊಳ್ಳಿ. ಹೆಂಗಸರ ಆಪರೇಷನ್‌ಗಿಂತ ಸಣ್ಣದು. ಗಂಡಸುತನ ಎಲ್ಲೂ ಹೋಗುವುದಿಲ್ಲ. 3 ತಿಂಗಳು ಕಾಂಡೋಮ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ, ಆಮೇಲೆ ನಿಶ್ಚಿಂತೆ.

ಪ್ರಶ್ನೆ ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕಳಿಸಿ. ಹೆಸರು ಬೇಡ. ವಯಸ್ಸು, ಬಿಪಿ, ಈಗ ತಗೋತಿರುವ ಔಷಧಿ, ಇಷ್ಟು ಬರೆಯಿರಿ.