ಹ್ಯಾಶ್ ಹಾಕಿದ್ದೀವಿ ಅಂದ್ರೆ ಸಾಲದು

ಸರಿ-ಬೆಸ ಆಡಿದ್ದೀರಲ್ಲ? ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು "ಸರಿಯೋ ಬೆಸವೋ" ಅಂತ ಕೇಳೋ ಆಟ. ಆ ಮುಷ್ಟಿ ಎರಡು ಕೆಲಸ ಮಾಡುತ್ತೆ. ಒಳಗೆ ಎಷ್ಟು ಬೀಜ ಇದೆ ಅಂತ ಎದುರಿನವರಿಗೆ ಕಾಣಿಸಲ್ಲ. ಅವರು "ಬೆಸ" ಅಂದಮೇಲೆ ಹಿಡಿದವರು ಮೆಲ್ಲಗೆ ಒಂದು ಬೀಜ ಜಾರಿಸೋಕೂ ಆಗಲ್ಲ.

ಈಗ ಇದನ್ನೇ ಫೋನಿನಲ್ಲಿ ಆಡಿ ನೋಡಿ. ಮುಷ್ಟಿ ಎಲ್ಲಿಂದ ತರ್ತೀರಿ? 1981ರಲ್ಲಿ ಕಂಪ್ಯೂಟರ್ ವಿಜ್ಞಾನಿ ಮ್ಯಾನುಯೆಲ್ ಬ್ಲಮ್ ಎತ್ತಿದ್ದು ಹೆಚ್ಚುಕಮ್ಮಿ ಇದೇ ಪ್ರಶ್ನೆ. ವಿಚ್ಛೇದನ ಆಗಿ ಬೇರೆ ಬೇರೆ ಊರಲ್ಲಿರೋ ಇಬ್ಬರು, ಕಾರು ಯಾರಿಗೆ ಅಂತ ಫೋನಿನಲ್ಲೇ ಟಾಸ್ ಹಾಕ್ಬೇಕು. ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇಲ್ಲ. ಅಲ್ಲಿ ಬೇಕಾಗಿದ್ದ ಮುಷ್ಟಿಗೇ ಇವತ್ತು ಕಮಿಟ್‌ಮೆಂಟ್ ಅಂತಾರೆ.

ಈಗ ಬಳಕೆಯಲ್ಲಿರೋ ಸುಲಭದ ಮುಷ್ಟಿ ಅಂದ್ರೆ ಹ್ಯಾಶ್. ಮಾತನ್ನ ಎಸ್‌ಎಚ್‌ಎ-256 ಅನ್ನೋ ಹ್ಯಾಶ್ ಸೂತ್ರಕ್ಕೆ ಕೊಟ್ಟರೆ 64 ಅಕ್ಷರದ ಒಂದು ಸಾಲು ಬರುತ್ತೆ. ಅದೇ ಮಾತಿಗೆ ಯಾವಾಗಲೂ ಅದೇ ಸಾಲು; ಸಾಲು ನೋಡಿ ಮಾತನ್ನ ಹಿಂದಕ್ಕೆ ಲೆಕ್ಕ ಹಾಕೋಕಾಗಲ್ಲ. ಆ ಸಾಲನ್ನ ಮೊದಲೇ ಕಳಿಸಿ, ಮಾತನ್ನ ಆಮೇಲೆ ತೋರಿಸಿ. ಎದುರಿನವರು ತಾವೇ ಹ್ಯಾಶ್ ಮಾಡಿ ತಾಳೆ ನೋಡ್ತಾರೆ. "ಹ್ಯಾಶ್ ಮೊದಲೇ ಹಾಕಿದ್ದೀವಿ, ಮೋಸ ಸಾಧ್ಯವೇ ಇಲ್ಲ" ಅನ್ನೋ ಮಾತು ಹುಟ್ಟೋದು ಇಲ್ಲಿಂದ. ನನ್ನ ತಕರಾರೂ ಇಲ್ಲಿಂದಲೇ ಶುರು.

"ಸರಿ" ಅನ್ನೋ ಪದವನ್ನಷ್ಟೇ ಹ್ಯಾಶ್ ಮಾಡಿ ಕಳಿಸಿದ್ರಿ ಅಂದ್ಕೊಳ್ಳಿ. ಇರೋದೇ ಎರಡು ಉತ್ತರ. ಎರಡನ್ನೂ ಹ್ಯಾಶ್ ಮಾಡಿ ನೋಡಿದ್ರೆ ಮುಗೀತು, ಮುಷ್ಟಿ ಗಾಜಿನದ್ದು. ಆಧಾರ್ ನಂಬರ್ 12 ಅಂಕಿ, ಬಹಳ ದೊಡ್ಡದು ಅನ್ಸುತ್ತೆ. ಆದರೆ ಅದು 0, 1ರಿಂದ ಶುರುವಾಗಲ್ಲ, ಕೊನೆಯ ಅಂಕಿ ಬರೀ ತಾಳೆ ನೋಡೋಕೆ. ಉಳಿಯೋದು 8 ಸಾವಿರ ಕೋಟಿ ಸಾಧ್ಯತೆ. ಒಳ್ಳೆ ಗೇಮಿಂಗ್ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಹ್ಯಾಶ್ ಹಾಕುತ್ತೆ. ಒಂದೆರಡು ನಿಮಿಷದ ಕೆಲಸ. ಅದಕ್ಕೇ ಮಾತಿನ ಜೊತೆ 32 ಬೈಟ್ ರ‍್ಯಾಂಡಮ್ ಸಂಖ್ಯೆ ಸೇರಿಸಬೇಕು, ಪ್ರತಿ ಸಲವೂ ಹೊಸದು. ಪೈಥಾನ್‌ನಲ್ಲಾದರೆ ಸೀಕ್ರೆಟ್ಸ್ ಮಾಡ್ಯೂಲ್‌ನಿಂದ ತಗೊಳ್ಳಿ, ರ‍್ಯಾಂಡಮ್ ಮಾಡ್ಯೂಲ್‌ನಿಂದ ಬೇಡ. ಅದರ ಮುಂದಿನ ಸಂಖ್ಯೆಗಳನ್ನ ಊಹಿಸಬಹುದು. ಜೊತೆಗೆ ನಿಮ್ಮ ಹೆಸರು, ಆಟದ ನಂಬರ್ ಕೂಡ ಒಳಗೇ ಇರಲಿ. ಇಲ್ಲದಿದ್ರೆ ಇನ್ನೊಬ್ಬರು ನಿಮ್ಮ ಹ್ಯಾಶನ್ನೇ ತಮ್ಮದು ಅಂತ ಕೊಟ್ಟು, ನೀವು ತೆರೆದ ಮೇಲೆ ಅದನ್ನೇ ತೋರಿಸ್ತಾರೆ.

ಕನ್ನಡದಲ್ಲಿ ಬರೆಯೋರಿಗೆ ಇನ್ನೊಂದು ಗುಂಡಿ ಇದೆ. "ಕೋಲಾರ"ದ "ಕೋ" ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿ ಕೂರುತ್ತೆ: ಓ-ಕಾರ ಒಂದೇ ಸಂಕೇತವಾಗಿ, ಅಥವಾ ಒ-ಕಾರ ಮತ್ತು ದೀರ್ಘದ ಚಿಹ್ನೆ ಬೇರೆ ಬೇರೆಯಾಗಿ. ಕಣ್ಣಿಗೆ ಒಂದೇ, ಹ್ಯಾಶ್ ಪೂರ್ತಿ ಬೇರೆ. ಪ್ರಾಮಾಣಿಕರೂ ಮುಷ್ಟಿ ಬಿಚ್ಚೋ ಹೊತ್ತಿಗೆ ಕಳ್ಳರಾಗಿ ಕಾಣ್ತಾರೆ. ಹ್ಯಾಶ್‌ಗೆ ಮುಂಚೆ ಎನ್‌ಎಫ್‌ಸಿ ರೂಪಕ್ಕೆ, ಅಂದ್ರೆ ಯೂನಿಕೋಡ್ ಗೊತ್ತುಮಾಡಿರೋ ಒಂದೇ ಬರವಣಿಗೆಗೆ, ತನ್ನಿ. ಸಾಲಿನ ಕೊನೆಯ ಕಾಣದ ಎಂಟರ್ ಕೂಡ ಇದೇ ಅವಾಂತರ ಮಾಡುತ್ತೆ.

ಇನ್ನೊಂದು ಜಾತಿಯ ಮುಷ್ಟಿ ಗೂಢಲಿಪಿ ಸಂಶೋಧಕ ಪೆಡರ್ಸನ್ ಅವರದ್ದು, 1991ರದ್ದು. ಜಿ, ಎಚ್ ಅಂತ ಎರಡು ಸಂಖ್ಯೆ ಎಲ್ಲರಿಗೂ ಗೊತ್ತಿರುತ್ತೆ. ಜಿಯ ಮೇಲೆ ನಿಮ್ಮ ಮಾತು ಘಾತ, ಎಚ್‌ನ ಮೇಲೆ ರ‍್ಯಾಂಡಮ್ ಸಂಖ್ಯೆ ಘಾತ. ಎರಡನ್ನೂ ಗುಣಿಸಿ, ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ, ಉಳಿದ ಶೇಷ ಕೊಡ್ತೀರಿ. ಎಷ್ಟೇ ದೊಡ್ಡ ಕಂಪ್ಯೂಟರ್ ತಂದರೂ ಒಳಗಿರೋದು ಗೊತ್ತಾಗಲ್ಲ. ಬದಲಿಸೋಕೂ ಆಗಲ್ಲ, ಆದರೆ ಅದಕ್ಕೊಂದು ಷರತ್ತು: ಎಚ್ ಅನ್ನೋದು ಜಿಯ ಎಷ್ಟನೇ ಘಾತ ಅಂತ ಯಾರಿಗೂ ಗೊತ್ತಿರಬಾರದು. ಗೊತ್ತಿದ್ರೆ? ಎಚ್ ಜಿಯ ವರ್ಗ ಅಂತಿಟ್ಟುಕೊಳ್ಳಿ. ಮಾತು 3, ರ‍್ಯಾಂಡಮ್ 4 ಇಟ್ಟು ಮುಚ್ಚಿದ್ರಿ. ಘಾತ 3 + 2×4, ಅಂದ್ರೆ 11. ತೆರೆಯುವಾಗ "ಮಾತು 7, ರ‍್ಯಾಂಡಮ್ 2" ಅನ್ನಿ. 7 + 2×2, ಅದೂ 11. ಪರಿಶೀಲನೆ ಪಾಸ್.

ಇದು ಕಾಗದದ ಮೇಲಿನ ಭಯ ಅಲ್ಲ. ಸ್ವಿಸ್ ಪೋಸ್ಟ್ 2019ರಲ್ಲಿ ಸೈಟಲ್ ಕಂಪನಿಯ ಇ-ವೋಟಿಂಗ್ ವ್ಯವಸ್ಥೆಯನ್ನ ಸಾರ್ವಜನಿಕ ಪರೀಕ್ಷೆಗೆ ಇಟ್ಟಿತ್ತು. ಯಾರು ಯಾರಿಗೆ ಹಾಕಿದ್ರು ತಿಳಿಯದ ಹಾಗೆ ಮತಗಳನ್ನ ಕಲಸೋ ಸರ್ವರ್, "ಒಂದೂ ಮತ ಬದಲಿಸಿಲ್ಲ" ಅಂತ ಗಣಿತದ ಪುರಾವೆ ಕೊಡ್ಬೇಕಿತ್ತು. ಪುರಾವೆಯ ಬುಡದಲ್ಲಿದ್ದದ್ದು ಪೆಡರ್ಸನ್ ಮಾದರಿಯ ಕಮಿಟ್‌ಮೆಂಟ್. ಸಾರಾ ಜೇಮಿ ಲೂಯಿಸ್, ಒಲಿವಿಯೆ ಪೆರೇರಾ, ವನೆಸ್ಸಾ ಟೀಗ್ ಅನ್ನೋ ಮೂವರು ಸಂಶೋಧಕರು ಕೋಡ್ ಓದಿ ಮಾರ್ಚ್‌ನಲ್ಲಿ ಹೊರಗೆ ಹಾಕಿದ ವಿಷಯ ಇದು: ಆ ಜಿ, ಎಚ್ ಸಂಖ್ಯೆಗಳು ನ್ಯಾಯವಾಗಿ ಹುಟ್ಟಿದವು ಅಂತ ತೋರಿಸೋಕೆ ದಾರಿಯೇ ಇರಲಿಲ್ಲ. ಅವುಗಳ ನಂಟು ತಿಳಿದಿರೋ ಸರ್ವರ್ ಮತ ಬದಲಿಸಿಯೂ ಸರಿಯಾದ ಪುರಾವೆ ಕೊಡಬಹುದಿತ್ತು. ಮೊಹರು ಹಾಕೋರ ಕೈಯಲ್ಲೇ ಮೊಹರಿನ ಅಚ್ಚು! ಪರಿಹಾರ ಬೇಸರ ಬರೋಷ್ಟು ಸರಳ: ಆ ಸಂಖ್ಯೆಗಳನ್ನ ಎಲ್ಲರಿಗೂ ಗೊತ್ತಿರೋ ಪದದ ಹ್ಯಾಶ್‌ನಿಂದ ಹುಟ್ಟಿಸಿ, ಯಾರು ಬೇಕಾದ್ರೂ ಮತ್ತೆ ಲೆಕ್ಕ ಹಾಕಲಿ.

ಈಗ ನಮ್ಮೂರಿಗೆ ಬನ್ನಿ. ಆರ್‌ಟಿಇ ಸೀಟಿನ ಲಾಟರಿ ಕಂಪ್ಯೂಟರ್‌ನಲ್ಲಿ ನಡೆಯುತ್ತೆ. ಅಲ್ಲಿ ಮೋಸ ಇದೆ ಅಂತ ನಾನು ಹೇಳ್ತಿಲ್ಲ. ಇಲ್ಲ ಅಂತ ಪೋಷಕರು ತಾವೇ ಲೆಕ್ಕ ಹಾಕಿ ನೋಡೋ ಹಾಗಿರಬೇಕು ಅಂತಿದ್ದೀನಿ. ಇಂಥ ಲಾಟರಿಯಲ್ಲಿ ರ‍್ಯಾಂಡಮ್ ಸಂಖ್ಯೆಗಳೆಲ್ಲ ಹುಟ್ಟೋದು ಸೀಡ್ ಅನ್ನೋ ಒಂದು ಮೂಲ ಸಂಖ್ಯೆಯಿಂದ; ಸೀಡ್ ಅದೇ ಆದರೆ ಫಲಿತಾಂಶವೂ ಅದೇ. "ಸೀಡ್ ಸಂಖ್ಯೆಯ ಹ್ಯಾಶ್ ಹಿಂದಿನ ದಿನ ಪ್ರಕಟಿಸಿದ್ರೆ ಸಾಕಲ್ವಾ" ಅಂತ ಯಾರಾದ್ರೂ ಅಂದ್ರೆ, ಸಾಕಾಗಲ್ಲ. ಅರ್ಜಿಗಳ ಪಟ್ಟಿ ಕೈಯಲ್ಲಿರೋರು ರಾತ್ರಿಯಿಡೀ ಹತ್ತು ಲಕ್ಷ ಸೀಡ್ ಓಡಿಸಿ, ಬೇಕಾದ ಮಗುವಿಗೆ ಸೀಟು ಬರೋ ಒಂದನ್ನ ಆರಿಸಿ, ಅದರ ಹ್ಯಾಶ್ ಹಾಕಬಹುದು. ಎಲ್ಲ ತಾಳೆ ಆಗುತ್ತೆ. ಮುಷ್ಟಿ ಬದಲಿಸಿಲ್ಲ ನಿಜ, ಬೀಜ ಎಣಿಸಿ ಇಟ್ಟಿದ್ರು ಅಷ್ಟೇ.

ಹಾಗಾಗಿ ಮೊದಲು ಅರ್ಜಿಪಟ್ಟಿ ಮತ್ತು ಪ್ರೋಗ್ರಾಂ, ಎರಡರ ಹ್ಯಾಶೂ ಹೊರಗೆ ಬರಲಿ. ಆಮೇಲೆ ಸೀಡ್‌ನ ಕಮಿಟ್‌ಮೆಂಟ್. ಲಾಟರಿ ದಿನ ಪೋಷಕರ ಎದುರು, ಕ್ಯಾಮೆರಾ ಮುಂದೆ, ಹತ್ತು ಮುಖದ ದಾಳ 20 ಸಲ ಉರುಳಲಿ. ಸೀಡ್ ಮತ್ತು ದಾಳದ ಅಂಕಿ ಸೇರಿಸಿ ಹ್ಯಾಶ್ ಮಾಡಿದ್ದೇ ನಿಜವಾದ ಸೀಡ್. ಅಧಿಕಾರಿಗೆ ದಾಳ ಮೊದಲೇ ಗೊತ್ತಿಲ್ಲ, ದಾಳ ಹಾಕಿದವರಿಗೆ ಸೀಡ್ ಗೊತ್ತಿಲ್ಲ.

ಇಷ್ಟಾದರೂ ಒಂದು ಕಂಡಿ ಉಳಿಯುತ್ತೆ. ದಾಳ ಬಿದ್ದ ಕೂಡಲೇ ಫಲಿತಾಂಶ ಮೊದಲು ಗೊತ್ತಾಗೋದು ಸೀಡ್ ಇರೋರಿಗೆ. ಹಿಡಿಸಲಿಲ್ಲ ಅಂದ್ರೆ "ಸರ್ವರ್ ಡೌನ್, ನಾಳೆ ಬನ್ನಿ". ಸರಿ-ಬೆಸದಲ್ಲಿ ಮುಷ್ಟಿ ಬಿಚ್ಚದೆ ಮನೆಗೆ ಓಡಿದ ಹುಡುಗನ ಕಥೆ. ಎಥೀರಿಯಂ ಅನ್ನೋ ಕ್ರಿಪ್ಟೋ ಹಣದ ಜಾಲದಲ್ಲೂ ಇದೇ ಗೋಳು: ಲೆಕ್ಕದ ಹೊಸ ಬ್ಲಾಕ್ ಸೇರಿಸೋ ಸರದಿ ಬಂದ ವ್ಯಾಲಿಡೇಟರ್ ತನ್ನ ಪಾಲಿನ ರ‍್ಯಾಂಡಮ್ ಕೊಡದೆ ಸುಮ್ಮನಾಗಬಹುದು, ಆ ಬ್ಲಾಕಿನ ಸಂಭಾವನೆ ಹೋಗುತ್ತೆ ಅಷ್ಟೇ. "ತೆರೆಯದಿದ್ರೆ ದಾಳ ಮಾತ್ರ ಲೆಕ್ಕಕ್ಕೆ" ಅನ್ನೋ ನಿಯಮವನ್ನ ಲಾಟರಿಗೆ ಮಾಡಿದ್ರೂ ಸೀಡ್ ಇರೋರಿಗೆ ಎರಡು ಫಲಿತಾಂಶದಲ್ಲಿ ಒಂದನ್ನ ಆರಿಸೋ ಅವಕಾಶ ಸಿಕ್ಕಿಬಿಡುತ್ತೆ. ಇದಕ್ಕೆ ಗೂಢಲಿಪಿ ತಜ್ಞ ಶಮೀರ್ 1979ರಲ್ಲಿ ಕೊಟ್ಟ ಹಂಚಿಕೆಯ ವಿಧಾನ ಬಳಸಿ. ಸೀಡನ್ನ ಇಲಾಖೆ, ಪೋಷಕರ ಪ್ರತಿನಿಧಿ, ಹೊರಗಿನ ಒಂದು ಸಂಸ್ಥೆ, ಮೂವರಿಗೂ ಪಾಲು ಮಾಡಿ. ಯಾರಾದ್ರೂ ಇಬ್ಬರು ಸೇರಿದ್ರೆ ತೆರೆಯೋ ಹಾಗೆ. ಆಗ ಒಬ್ಬರು ಮುಷ್ಟಿ ಜೇಬಿಗಿಟ್ಟುಕೊಂಡು ಹೊರಟರೂ ಉಳಿದಿಬ್ಬರು ಅಲ್ಲೇ, ಅದೇ ಕ್ಯಾಮೆರಾ ಮುಂದೆ ಬಿಚ್ಚಿ ತೋರಿಸ್ತಾರೆ.